ಕುಕ್ಕರಹಳ್ಳಿ ಕೆರೆಯ ಜಮಾಖರ್ಚು: ಮಾನಸಗಂಗೋತ್ರಿಯ ಅಂಗಳದ ಒಂದು ನೀರಿನ ಪ್ರಕರಣ

ವಿಶ್ವವಿದ್ಯಾನಿಲಯಗಳಲ್ಲಿ ನೀರಿನ ಉಳಿತಾಯದ ಮಾತು ಬಂದಾಗಲೆಲ್ಲ ಚರ್ಚೆ ನಲ್ಲಿ, ಟ್ಯಾಂಕು, ಬೋರ್‌ವೆಲ್‌ಗಳ ಸುತ್ತಲೇ ಸುತ್ತುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ವಿಷಯ ಹಾಗೆ ಮುಗಿಯುವಂಥದ್ದಲ್ಲ. ಅದರ ಸುಪರ್ದಿನಲ್ಲಿ ಒಂದು ದೊಡ್ಡ ಕೆರೆಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕುಕ್ಕರಹಳ್ಳಿ ಕೆರೆ. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ ಅದರ ಸ್ನಾತಕೋತ್ತರ ಕ್ಯಾಂಪಸ್ಸಾದ ಮಾನಸಗಂಗೋತ್ರಿ ಆರಂಭವಾದದ್ದು 1960ರಲ್ಲಿ. ಅಂದರೆ ಕೆರೆಯೇ ಹಿರಿಯದು. ನಾವು ಆಮೇಲೆ ಬಂದು ಅದರ ದಡದಲ್ಲಿ ವಿಭಾಗಗಳನ್ನೂ ಹಾಸ್ಟೆಲುಗಳನ್ನೂ ಕಟ್ಟಿಕೊಂಡೆವು.

ಈ ಪ್ರಕರಣವನ್ನು ಬರೆಯುವುದಕ್ಕೆ ಕಾರಣ ಒಂದೇ. ಕುಕ್ಕರಹಳ್ಳಿ ಕೆರೆಗೆ ಏನೂ ಮಾಡಿಲ್ಲ ಎಂದು ಯಾರೂ ಹೇಳುವಂತಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ನಗರ ಯೋಜನೆಯ ಹಣ ಬಂದಿದೆ, ಕಳೆ ತೆಗೆಸಿದ್ದಾರೆ, ಬೇಲಿ ಹಾಕಿದ್ದಾರೆ, ವಾಕಿಂಗ್ ಮಾಡುವವರಿಗೆ ದಾರಿಯಾಗಿದೆ. ವಿಜ್ಞಾನ ವಿಭಾಗಗಳಲ್ಲಿ ಈ ಕೆರೆಯ ನೀರಿನ ಮೇಲೆ ಬಂದಿರುವ ಸಂಶೋಧನೆಗೂ ಕೊರತೆಯಿಲ್ಲ. ಇಷ್ಟಾದರೂ ನೀರು ಹಸಿರುಗಟ್ಟುವುದು, ಚರಂಡಿ ನೀರು ಸೇರುತ್ತಿದೆ ಎಂಬ ದೂರು ಬರುವುದು, ಮತ್ತೊಂದು ಯೋಜನೆ ಸಿದ್ಧವಾಗುವುದು ಸರದಿಯಂತೆ ನಡೆದುಕೊಂಡು ಬಂದಿದೆ. ಯಾಕೆ? ನನ್ನ ಉತ್ತರ ಇದು: ನಾವು ಕೆರೆಯ ಲೆಕ್ಕವನ್ನು ಕಾಂಪೌಂಡ್ ಗೋಡೆಯೊಳಗೆ ಬರೆಯುತ್ತಿದ್ದೇವೆ, ಕೆರೆಯ ಜಮಾ ಮಾತ್ರ ಗೋಡೆಯಾಚೆಯಿಂದ ಬರುತ್ತದೆ.

ಕೆರೆಗೆ ನೀರು ಬರುವ ದಾರಿ

ಹಳೆಯ ಮೈಸೂರಿನ ಕೆರೆಗಳನ್ನು ಕಟ್ಟಿದವರು ನೆಲದ ಇಳಿಜಾರನ್ನು ಚೆನ್ನಾಗಿ ಬಲ್ಲವರಾಗಿದ್ದರು. ಏರಿ, ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ, ಕೆಳಗೆ ಆ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟು, ಇಷ್ಟು ಕಣ್ಣಿಗೆ ಕಾಣುವ ಭಾಗ. ಕಣ್ಣಿಗೆ ಬೀಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಮೇಲುಗಡೆಯ ಜಲಾನಯನ, ಅಂದರೆ ಯಾವ ನೆಲದ ಮಳೆ ಕೆರೆಯ ಕಡೆ ಹರಿಯುತ್ತದೋ ಆ ನೆಲ, ಮತ್ತು ಅಲ್ಲಿಂದ ನೀರು ತರುವ ಕಾಲುವೆ. ಕುಕ್ಕರಹಳ್ಳಿಗೆ ಅಂಥ ಕಾಲುವೆ ಪೂರ್ಣಯ್ಯ ನಾಲೆ. ದಿವಾನ್ ಪೂರ್ಣಯ್ಯನವರ ಹೆಸರಿನ ಈ ನಾಲೆ ನಗರದ ಪಶ್ಚಿಮ ಮತ್ತು ವಾಯವ್ಯದ ಎತ್ತರದ ನೆಲದ ಮಳೆನೀರನ್ನು ಹಿಡಿದು ಕೆಳಗಿನ ಕೆರೆಗಳಿಗೆ ಮುಟ್ಟಿಸುತ್ತಿತ್ತು. ಕುಕ್ಕರಹಳ್ಳಿ ತುಂಬಿದರೆ ಕೆಳಗಿನ ಗದ್ದೆ ತೋಟಗಳಿಗೆ ನೀರು. ಇದನ್ನು ಕಟ್ಟಿಸಿದ್ದೇ ನೀರಾವರಿಗೆಂದು.

ಈಗ ಅಚ್ಚುಕಟ್ಟು ಇದ್ದ ಕಡೆ ಬಡಾವಣೆಗಳಿವೆ, ತೂಬು ಎತ್ತುವ ಅಗತ್ಯವೇ ಇಲ್ಲ. ಮೇಲುಗಡೆ ಹಿನಕಲ್, ಬೋಗಾದಿ, ವಿಜಯನಗರದ ಕಡೆ ಊರು ಬೆಳೆದಿದೆ. ನಾಲೆ ಕೆಲವು ಕಡೆ ಒತ್ತುವರಿಯಾಗಿದೆ, ಕೆಲವು ಕಡೆ ಮಣ್ಣು ತುಂಬಿದೆ, ಕೆಲವು ಕಡೆ ಗುರುತೇ ಸಿಗದಂತಾಗಿದೆ. ಕೆರೆಯ ಬಾಯಿಗೆ ಅನ್ನ ತರುವ ಕೈಯೇ ಮುರಿದಿದೆ ಎನ್ನುವ ಸತ್ಯವನ್ನು ಬದಿಗಿಟ್ಟು ಎಷ್ಟು ಸಲ ಹೂಳೆತ್ತಿದರೂ, ಎಷ್ಟು ಚೆಂದದ ಬೆಂಚು ಹಾಕಿದರೂ ಕೆರೆ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ

ಕೆರೆಯ ನೀರಿನ ಹರವನ್ನು ಸುಮಾರು 60 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ಮೈಸೂರಿನ ವಾರ್ಷಿಕ ಮಳೆ ಸರಾಸರಿ 780 ಮಿಲಿಮೀಟರಿನ ಆಸುಪಾಸು. ಕೆರೆಯ ಮೇಲೆಯೇ ನೇರವಾಗಿ ಬೀಳುವ ಮಳೆ ವರ್ಷಕ್ಕೆ ಸುಮಾರು 47 ಕೋಟಿ ಲೀಟರ್. ಇನ್ನು ಖರ್ಚು. ನಮ್ಮ ಬಿಸಿಲಿನಲ್ಲಿ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿನಷ್ಟು ಆವಿಯಾಗುತ್ತದೆ ಎಂದು ಹಿಡಿದರೆ, ತುಂಬಿದ ಕೆರೆ 90 ಕೋಟಿ ಲೀಟರ್ ಕಳೆದುಕೊಳ್ಳುತ್ತದೆ. ಇಂಗುವುದನ್ನು ಸೇರಿಸಿಯೇ ಇಲ್ಲ. ಬರುವುದಕ್ಕೂ ಹೋಗುವುದಕ್ಕೂ ನಡುವೆ 43 ಕೋಟಿ ಲೀಟರಿನ ಕೊರತೆ. ಈ ಕೊರತೆಯನ್ನು ತುಂಬಿಕೊಡಬೇಕಾದದ್ದು ಜಲಾನಯನ. ಅದು ಕೊಡದಿದ್ದರೆ ಕೆರೆ ತನ್ನ ಲೆಕ್ಕವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ: ಹರವು ಕುಗ್ಗಿಸಿಕೊಳ್ಳುತ್ತದೆ, ದಡ ಒಳಗೆ ಸರಿಯುತ್ತದೆ, ಜೊಂಡು ಮುಂದೆ ಬರುತ್ತದೆ.

ಈ ಅಂಕಿ ಎಷ್ಟು ದೊಡ್ಡದು ಎಂದು ಅರ್ಥವಾಗಲು ಹಾಸ್ಟೆಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಎಂಜಿನಿಯರುಗಳು ಹಿಡಿಯುವ ಪ್ರಮಾಣ. ಬೆಳಗ್ಗೆ ಬಂದು ಸಂಜೆ ಹೋಗುವವರಿಗಾದರೆ 45 ಲೀಟರ್. ಒಂದು ಸಾವಿರ ಹಾಸ್ಟೆಲ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಬೇಕಾಗುವುದು ಐದು ಕೋಟಿ ಲೀಟರಿಗೆ ಸ್ವಲ್ಪ ಕಡಿಮೆ. ಕೆರೆಯ ಕೊರತೆ ಅದರ ಎಂಟು ಪಟ್ಟಿಗಿಂತ ಹೆಚ್ಚು. ನಲ್ಲಿ ತಿರುಗಿಸಿ ಉಳಿಸಿದ ನೀರಿನಿಂದ ಕೆರೆ ತುಂಬುವುದಿಲ್ಲ ಎನ್ನುವುದು ಇಲ್ಲಿಗೆ ಸ್ಪಷ್ಟ.

ಹಾಗಾದರೆ ಜಲಾನಯನದಲ್ಲಿ ನೀರಿಲ್ಲವೇ? ಇದೆ, ಧಾರಾಳವಾಗಿ ಇದೆ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಊರು ಬೆಳೆದದ್ದರಿಂದ ಕೆರೆಗೆ ಬರುವ ಮಳೆನೀರು ಕಡಿಮೆಯಾಯಿತು ಎನ್ನುತ್ತಾರೆ. ಹೊಲ, ಗೋಮಾಳಗಳಿದ್ದಾಗ ಬಿದ್ದ ಮಳೆಯಲ್ಲಿ ಐದನೇ ಒಂದು ಪಾಲು ಹರಿದು ಬಂದರೆ ಹೆಚ್ಚು, ಉಳಿದದ್ದು ಮಣ್ಣಿಗೆ. ಆ ಪ್ರಮಾಣದಲ್ಲಿ 43 ಕೋಟಿ ಲೀಟರ್ ಕೂಡಿಸಲು ಸುಮಾರು 275 ಹೆಕ್ಟೇರ್ ನೆಲ ಬೇಕು. ಅದೇ ನೆಲಕ್ಕೆ ಕಾಂಕ್ರೀಟು, ಟಾರು, ತಾರಸಿ ಬಂದು ಬಿದ್ದ ಮಳೆಯ ಶೇಕಡ 60 ಹರಿಯತೊಡಗಿದರೆ 92 ಹೆಕ್ಟೇರ್ ಸಾಕು. ನಗರ ಮಳೆನೀರಿನ ಹರಿವನ್ನು ಹೆಚ್ಚಿಸುತ್ತದೆ. ಕೆಡುವುದು ಅದರ ಗುಣ, ತಪ್ಪುವುದು ಅದರ ದಾರಿ. ಮಳೆನೀರು ಹೋಗಬೇಕಾದ ಚರಂಡಿಯಲ್ಲಿ ಒಳಚರಂಡಿಯ ನೀರು ಸೇರಿಕೊಂಡರೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಒಳಗೆ ಬಿಟ್ಟರೆ ಕೆರೆ ಕೆಡುತ್ತದೆ. ತಡೆದು ಬೇರೆ ಕಡೆ ತಿರುಗಿಸಿದರೆ ಕೊಳಕಿನ ಜೊತೆಗೆ ಮಳೆಯೂ ಹೋಗುತ್ತದೆ.

ಕುಕ್ಕರಹಳ್ಳಿಯ ನಿಜವಾದ ಇಕ್ಕಟ್ಟು ಇದೇ. ನಗರದ ಕೊಳಚೆ ಸೇರುತ್ತಿದ್ದಷ್ಟು ಕಾಲ ಕೆರೆಯಲ್ಲಿ ನೀರಿತ್ತು, ಆದರೆ ಆ ನೀರು ಕೆರೆಯನ್ನು ಕೊಲ್ಲುತ್ತಿತ್ತು. ಕೊಳಚೆ ತಿರುಗಿಸುವ ಕೆಲಸ ಸರಿಯಾದದ್ದೇ, ಮಾಡಲೇಬೇಕಾದದ್ದೇ. ಆದರೆ ಅದರ ಮರುದಿನವೇ "ಇನ್ನು ನೀರು ಎಲ್ಲಿಂದ?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ನಮ್ಮ ಯೋಜನೆಗಳಲ್ಲಿ ಆ ಉತ್ತರಕ್ಕೆ ಬಜೆಟ್ಟಿನ ಸಾಲೇ ಇರುವುದಿಲ್ಲ.

ಒಂದು ಮಳೆಯ ಸಂಜೆ

ಮೈಸೂರಿನ ಮಳೆಗೆ ವರ್ಷಕ್ಕೆ ಎರಡು ಏರು: ಮೇ ತಿಂಗಳ ಸುಮಾರಿಗೆ ಗುಡುಗು ಸಿಡಿಲಿನ ಮಳೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಎರಡೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬಂದು ಗಂಟೆ ಎರಡು ಗಂಟೆ ಹೊಡೆದು ಹೋಗುವ ಮಳೆ. ಬೇಸಿಗೆಯ ಮೊದಲ ಜೋರು ಮಳೆ ನಿಂತ ಕೂಡಲೇ ಕೆರೆಗೆ ಚರಂಡಿ ಸೇರುವ ಜಾಗದಲ್ಲಿ ಹೋಗಿ ನಿಂತರೆ ಇಡೀ ಸಮಸ್ಯೆ ಕಣ್ಣ ಮುಂದೆ ಹರಿಯುತ್ತದೆ. ನೀರು ಮೊದಲು ಕಪ್ಪಗೆ ಬರುತ್ತದೆ. ತಿಂಗಳುಗಟ್ಟಲೆ ಮೋರಿಯಲ್ಲಿ ಕೂತಿದ್ದ ಕೆಸರು, ರಸ್ತೆಯ ಎಣ್ಣೆ, ಹಾಲಿನ ಪ್ಯಾಕೆಟ್, ಥರ್ಮೋಕೋಲ್ ಚೂರು, ಬಿಳಿ ನೊರೆ, ಮೂಗಿಗೆ ಹೊಡೆಯುವ ವಾಸನೆ. ಸ್ವಲ್ಪ ಹೊತ್ತಿಗೆ ಬಣ್ಣ ತಿರುಗಿ ಕೆಮ್ಮಣ್ಣಿನ ನೀರು ಬರುತ್ತದೆ, ಕಸ ಕಡಿಮೆಯಾಗುತ್ತದೆ. ಮೊದಲ ಹರಿವನ್ನು ಒಂದು ಹೊಂಡದಲ್ಲಿ ತಡೆದು ಎರಡನೆಯದನ್ನು ಒಳಗೆ ಬಿಡುವ ವ್ಯವಸ್ಥೆ ಇದ್ದರೆ ಕೆರೆಗೆ ಬರುವ ಹೊರೆಯಲ್ಲಿ ದೊಡ್ಡ ಪಾಲು ಅಲ್ಲೇ ಇಳಿದುಹೋಗುತ್ತದೆ. ಇದಕ್ಕೆ ವಿದೇಶಿ ಯಂತ್ರ ಬೇಡ. ಒಳಹರಿವಿನ ಬಾಯಲ್ಲಿ ಕಸ ತಡೆಯುವ ಕಂಬಿ, ಹೂಳು ಕೂರುವ ಹೊಂಡ, ಅದರಾಚೆ ಜೊಂಡು, ಆಪು ಬೆಳೆದ ಜೌಗು. ಹೂಳು ತುಂಬಿದ ಹೊಂಡವನ್ನು ಪ್ರತಿವರ್ಷ ಬೇಸಿಗೆಯಲ್ಲಿ ತೆಗೆಸಬೇಕು. ಆ ತೆಗೆಸುವ ಕೆಲಸವೇ ಎಲ್ಲ ಕಡೆ ನಿಂತುಹೋಗುವುದು. ಹೊಂಡ ಕಟ್ಟಿಸಿದವರಿಗೆ ಫಲಕದಲ್ಲಿ ಹೆಸರು ಬರುತ್ತದೆ, ತೆಗೆಸಿದವರಿಗೆ ಏನೂ ಇಲ್ಲ.

ಕೊಳಚೆಯ ವಿಷಯದಲ್ಲಿ "ಸ್ವಲ್ಪ ಸೇರಿದರೆ ಏನಾಗುತ್ತದೆ, ಇಷ್ಟು ದೊಡ್ಡ ಕೆರೆ" ಎಂಬ ಮಾತು ಕೇಳುತ್ತೇವೆ. ಮನೆಗಳ ಕೊಳಚೆಯಲ್ಲಿ ಲೀಟರಿಗೆ ಸುಮಾರು ಆರು ಮಿಲಿಗ್ರಾಂ ರಂಜಕ (ಫಾಸ್ಫರಸ್) ಇರುತ್ತದೆ. ಮೂತ್ರದಿಂದ, ಮಲದಿಂದ, ಸೋಪು ಪುಡಿಯಿಂದ ಬಂದದ್ದು. ಕೆರೆಯ ನೀರಿನಲ್ಲಿ ರಂಜಕ ಲೀಟರಿಗೆ 0.03 ಮಿಲಿಗ್ರಾಂ ಮೀರಿತೆಂದರೆ ಪಾಚಿಗೆ ಹಬ್ಬ. ಅಂದರೆ ಒಂದು ಲೀಟರ್ ಕೊಳಚೆಯನ್ನು ನಿರಪಾಯಕಾರಿ ಮಾಡಲು ಇನ್ನೂರು ಲೀಟರ್ ಶುದ್ಧ ನೀರು ಬೇಕು. ಅಷ್ಟು ಶುದ್ಧ ನೀರು ಎಲ್ಲಿದೆ? ಮೇಲೆ ಹಾಕಿದ ಲೆಕ್ಕದಲ್ಲಿ ಕೆರೆಗೆ ಮಾಮೂಲಿ ನೀರೇ ಸಾಲುತ್ತಿಲ್ಲ.

ಪಾಚಿ ದಟ್ಟವಾದ ಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಹಗಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಸಿರಾಡಿ ಮುಗಿಸುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ, ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ. ಕೆರೆಗಳಲ್ಲಿ ಮೀನು ಸತ್ತ ಸುದ್ದಿ ಮೊದಲ ಮಳೆಯ ಆಸುಪಾಸಿನಲ್ಲೇ ಹೆಚ್ಚಾಗಿ ಬರುವುದಕ್ಕೆ ಕಾರಣವೂ ಇದೇ ಬಗೆಯದು. ಇನ್ನೊಂದು ಕಹಿ ಸತ್ಯ: ಕೊಳಚೆಯನ್ನು ಇವತ್ತು ಪೂರ್ತಿ ನಿಲ್ಲಿಸಿದರೂ ನಾಳೆಗೆ ನೀರು ತಿಳಿಯಾಗುವುದಿಲ್ಲ. ವರ್ಷಾನುಗಟ್ಟಲೆ ಹೂಳಿನಲ್ಲಿ ಕೂತ ರಂಜಕ, ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಒಂದು ಯೋಜನೆ ಮುಗಿದ ಎರಡನೇ ವರ್ಷವೂ ನೀರು ಹಸಿರಾಗಿಯೇ ಇದ್ದರೆ ಯೋಜನೆ ದಂಡವಾಯಿತು ಎಂದು ಕೈಬಿಡಬಾರದು. ಬಿಟ್ಟರೆ ನಿಜವಾಗಿಯೂ ದಂಡವಾಗುತ್ತದೆ.

ಹೂಳು, ಹಕ್ಕಿ

ಹಾಗಾದರೆ ಪೂರ್ತಿ ಹೂಳೆತ್ತಿ ಆಳ ಮಾಡಿಬಿಡೋಣ ಎನ್ನುವವರಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಕೆರೆ ಬರೀ ನೀರಿನ ತೊಟ್ಟಿಯಲ್ಲ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿಗಳು ಕೂತಿರುವುದನ್ನು ನೋಡದ ಮೈಸೂರಿನವರು ಕಡಿಮೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳ ಬಾನಿನಲ್ಲಿ ಹಾರುವ ಜಾತಿಗಳೇ ಇಲ್ಲಿಯೂ ಇಳಿಯುತ್ತವೆ. ಹೆಜ್ಜಾರ್ಲೆಗೆ ಈಜಲು ತೆರೆದ ನೀರು ಬೇಕು. ಬಣ್ಣದ ಕೊಕ್ಕರೆಗೆ ಮೊಣಕಾಲುದ್ದದ ನೀರಿನಲ್ಲಿ ಕೊಕ್ಕಾಡಿಸಿ ಮೀನು ಹಿಡಿಯುವ ದಡ ಬೇಕು. ಇಡೀ ಕೆರೆಯನ್ನು ಜೆಸಿಬಿಯಿಂದ ಒಂದೇ ಆಳಕ್ಕೆ ಕೆರೆದು, ಅಂಚಿಗೆ ಕಲ್ಲು ಕಟ್ಟಿ ನಿಲ್ಲಿಸಿದರೆ ಆ ದಡ ಇಲ್ಲವಾಗುತ್ತದೆ. ನೀರು ಶುದ್ಧ ಮಾಡುವ ಜೊಂಡೂ ಹೋಗುತ್ತದೆ. ಹೂಳೆತ್ತುವುದಿದ್ದರೆ ಒಳಹರಿವಿನ ಬಾಯಿಗಳಲ್ಲಿ, ಕೊಳಚೆ ಹೆಚ್ಚು ಕೂತ ಕಡೆಗಳಲ್ಲಿ, ಹಕ್ಕಿಗಳ ಗೂಡಿನ ಕಾಲ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು. ಈ ವಿಷಯದಲ್ಲಿ ನಾನು ರಾಜಿಗೆ ತಯಾರಿಲ್ಲ.

ಅಂಗಳದೊಳಗಿನ ಕೆಲಸ

ಗೋಡೆಯಾಚೆಯ ಮಾತನ್ನು ಇಷ್ಟು ಆಡಿದ್ದರಿಂದ ಗೋಡೆಯೊಳಗಿನ ಜವಾಬ್ದಾರಿ ಕಡಿಮೆ ಎಂದು ತಿಳಿಯಬಾರದು. ಮೈಸೂರಿನ ನಲ್ಲಿಗಳಿಗೆ ನೀರು ಬರುವುದು ಕಾವೇರಿಯಿಂದ ಮತ್ತು ಕಬಿನಿಯಿಂದ. ನೀರೆತ್ತುವ ಘಟಕಗಳಿರುವ ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಬಿದರಗೂಡು ಎಂಬ ಹೆಸರುಗಳು ಮೈಸೂರಿನವರ ಕಿವಿಗೆ ಹೊಸವಲ್ಲ. ನದಿ ಇರುವುದು ತಗ್ಗಿನಲ್ಲಿ, ಊರು ಎತ್ತರದಲ್ಲಿ. ಪ್ರತಿ ಲೀಟರನ್ನೂ ಕರೆಂಟು ಖರ್ಚು ಮಾಡಿ ಮೇಲೆತ್ತಬೇಕು. ಹೀಗೆ ಏರಿ ಬಂದ ನೀರು ಹಾಸ್ಟೆಲಿನ ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು ರಾತ್ರಿಯಿಡೀ ತಾರಸಿಯ ಮೇಲೆ ಸುರಿದರೆ ಅದು ಸಣ್ಣ ವಿಷಯವಲ್ಲ. ಯಾವ ಕ್ಯಾಂಪಸ್ಸಿಗೆ ಹೋದರೂ ಗೋಡೆಯ ಮೇಲೆ ಟ್ಯಾಂಕಿನಿಂದ ಇಳಿದ ಪಾಚಿಯ ಪಟ್ಟೆ ಕಂಡರೆ ಅಲ್ಲಿ ಈ ಕಥೆ ನಡೆಯುತ್ತಿದೆ ಎಂದೇ ಅರ್ಥ.

ಸೋರಿಕೆ ಹಿಡಿಯುವ ಒಳ್ಳೆಯ ವಿಧಾನ ಬಹಳ ಸರಳ. ರಾತ್ರಿ ಟ್ಯಾಂಕುಗಳು ತುಂಬಿದ ಮೇಲೆ, ಎಲ್ಲರೂ ಮಲಗಿದ ಹೊತ್ತಿನಲ್ಲಿ ಪ್ರತಿ ಬ್ಲಾಕಿನ ಮೀಟರ್ ಓದಬೇಕು, ಬೆಳಗಿನ ಜಾವ ಎದ್ದವರು ನಲ್ಲಿ ತಿರುಗಿಸುವ ಮೊದಲು ಮತ್ತೊಮ್ಮೆ ಓದಬೇಕು. ನಡುವೆ ಹರಿದದ್ದರಲ್ಲಿ ಬಹುಪಾಲು ಸೋರಿಕೆ. ಇದಕ್ಕೆ ಬ್ಲಾಕಿಗೊಂದು ಮೀಟರ್ ಇರಬೇಕು. ಇಡೀ ಕ್ಯಾಂಪಸ್ಸಿಗೆ ಒಂದೇ ಮೀಟರ್ ಇದ್ದರೆ ಒಟ್ಟು ಬಿಲ್ಲು ಗೊತ್ತಾಗುತ್ತದೆ, ಕಾಯಿಲೆ ಗೊತ್ತಾಗುವುದಿಲ್ಲ. ಫ್ಲಷ್ ಟ್ಯಾಂಕಿನ ಸೋರಿಕೆ ಸದ್ದಿಲ್ಲದೆ ಹೋಗುವಂಥದ್ದು. ಟ್ಯಾಂಕಿಗೆ ಒಂದು ಚಿಟಿಕೆ ಬಣ್ಣದ ಪುಡಿ ಹಾಕಿ ಕಾಲು ಗಂಟೆ ಬಿಟ್ಟು ನೋಡಿ. ಫ್ಲಷ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ. ಸೆಕೆಂಡಿಗೊಂದು ತೊಟ್ಟು ಬೀಳುವ ನಲ್ಲಿ ದಿನಕ್ಕೆ ಸುಮಾರು ಇಪ್ಪತ್ತು ಲೀಟರ್, ಅಂದರೆ ಒಂದು ದೊಡ್ಡ ಕ್ಯಾನ್ ಕುಡಿಯುವ ನೀರು ಚೆಲ್ಲುತ್ತದೆ.

ತಾರಸಿಯ ಲೆಕ್ಕ ಇನ್ನೂ ಉತ್ಸಾಹ ಕೊಡುತ್ತದೆ. ಎಲ್ಲ ಕಟ್ಟಡಗಳದ್ದು ಸೇರಿ ಒಂದು ಹೆಕ್ಟೇರ್ ತಾರಸಿ ಇದ್ದರೆ, ಬಿದ್ದ ಮಳೆಯ ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ 62 ಲಕ್ಷ ಲೀಟರ್. 135 ಲೀಟರಿನ ಲೆಕ್ಕದಲ್ಲಿ 126 ವಿದ್ಯಾರ್ಥಿಗಳ ವರ್ಷದ ಪೂರ್ತಿ ಬಳಕೆ. ಮಳೆಗೆ ಎರಡು ಏರು ಇರುವುದು ಮೈಸೂರಿನ ಅನುಕೂಲ. ಮೇ ತಿಂಗಳಲ್ಲಿ ತುಂಬಿದ ಸಂಪು ಖಾಲಿಯಾಗುವ ಹೊತ್ತಿಗೆ ನಡುವಿನ ಮುಂಗಾರಿನ ಹನಿಗಳು, ಆಮೇಲೆ ಅಕ್ಟೋಬರ್ ಮಳೆ. ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳು ಕೂಡಿಡಬೇಕಾದ ಊರುಗಳಿಗಿಂತ ಇಲ್ಲಿ ಸಣ್ಣ ಸಂಪು ಸಾಕು. ತಾರಸಿಯ ನೀರು ಸೇರಿದ್ದು ಮೋರಿಗೋ ಸಂಪಿಗೋ ಎನ್ನುವುದು ಬಹಳ ಕಟ್ಟಡಗಳಲ್ಲಿ ಕೊನೆಯ ಮೂರು ಅಡಿ ಪೈಪಿನ ಪ್ರಶ್ನೆ.

ಬಳಸಿದ ನೀರಿನದು ಬೇರೆ ಮಾತು. ಸರಬರಾಜಾದ ನೀರಿನ ಶೇಕಡ 80 ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿಯುತ್ತಾರೆ. ಸಾವಿರ ವಿದ್ಯಾರ್ಥಿಗಳಿಂದ ದಿನಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿ. ಇದನ್ನು ಶುದ್ಧೀಕರಿಸಿ ಕೆರೆಗೆ ಬಿಡೋಣ ಎಂಬ ಸಲಹೆ ಕೇಳಲು ಚೆಂದ. ಸಾಮಾನ್ಯ ಶುದ್ಧೀಕರಣ ಘಟಕ ಕೊಳೆಯನ್ನು ತೆಗೆಯುತ್ತದೆ, ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ. ಉಳಿದ ರಂಜಕ, ಸಾರಜನಕಗಳು ಹುಲ್ಲಿಗೆ, ಮರಕ್ಕೆ ಗೊಬ್ಬರ, ಕೆರೆಗೆ ವಿಷ. ಆದ್ದರಿಂದ ಆ ನೀರು ತೋಟಕ್ಕೆ, ಮೈದಾನಕ್ಕೆ, ಫ್ಲಷ್ಷಿಗೆ ಹೋಗಲಿ. ಅಷ್ಟರ ಮಟ್ಟಿಗೆ ಕಾವೇರಿ ಉಳಿಯುತ್ತದೆ. ಕೆರೆಗೆ ಹೋಗಬೇಕಾದದ್ದು ಅಂಗಳದ ರಸ್ತೆ, ಮೈದಾನಗಳ ಮೇಲೆ ಬಿದ್ದ ಮಳೆನೀರು, ಅದೂ ಹುಲ್ಲಿನ ತಗ್ಗುಗಳಲ್ಲಿ ಹಾದು.

ಯಾರ ಕೆಲಸ?

ಕೆರೆ ವಿಶ್ವವಿದ್ಯಾನಿಲಯದ್ದು. ನಾಲೆಯ ದಾರಿ ಕಂದಾಯದ ನಕ್ಷೆಯಲ್ಲಿದೆ. ಮಳೆನೀರಿನ ಚರಂಡಿ, ಒಳಚರಂಡಿ ಸ್ಥಳೀಯ ಸಂಸ್ಥೆಗಳದ್ದು. ಬಡಾವಣೆಗೆ ಒಪ್ಪಿಗೆ ಕೊಡುವುದು ಅಭಿವೃದ್ಧಿ ಪ್ರಾಧಿಕಾರ. ಕೆರೆಗಳ ರಕ್ಷಣೆಗೆಂದು ರಾಜ್ಯ 2014ರಲ್ಲಿ ಕಾಯಿದೆಯನ್ನೂ ಮಾಡಿದೆ. ಇಷ್ಟು ಜನರ ನಡುವೆ ಒಂದು ಮುಚ್ಚಿಹೋದ ಮೋರಿ ತೆರೆಸಲು ಪತ್ರ ಬರೆಯುವವರು ಯಾರು ಎಂದು ಕೇಳಿದರೆ, ವಿಶ್ವವಿದ್ಯಾನಿಲಯವೇ ಬರೆಯಬೇಕು ಎನ್ನುತ್ತೇನೆ. ಕೆರೆ ಕೆಟ್ಟರೆ ವಾಸನೆ ಬರುವುದು ಅದರ ಕಿಟಕಿಗಳಿಗೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಯಾವ ಇಲಾಖೆಗೂ ಇಲ್ಲದ ಬಲ ಅದಕ್ಕಿದೆ. ಭೂವಿಜ್ಞಾನ, ಪರಿಸರ ವಿಜ್ಞಾನ, ಭೂಗೋಳ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎಲ್ಲವೂ ಒಂದೇ ಅಂಗಳದಲ್ಲಿವೆ. ಇವರೆಲ್ಲ ಬೇರೆ ಬೇರೆಯಾಗಿ ಕೆರೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುವುದಕ್ಕಿಂತ, ಸೇರಿ ಒಂದು ನಕ್ಷೆ ಮಾಡಲಿ: ನಾಲೆ ಎಲ್ಲಿ ಉಳಿದಿದೆ, ಎಲ್ಲಿ ತುಂಡಾಗಿದೆ, ಯಾವ ಮೋರಿಯಲ್ಲಿ ಮಳೆಯಿಲ್ಲದ ದಿನವೂ ನೀರು ಹರಿಯುತ್ತದೆ. ಮಳೆಯಿಲ್ಲದ ದಿನ ಮಳೆನೀರಿನ ಚರಂಡಿಯಲ್ಲಿ ಹರಿಯುವುದೆಲ್ಲ ಬಹುಪಾಲು ಕೊಳಚೆಯೇ. ಅದನ್ನು ಹಿಡಿಯಲು ಪ್ರಯೋಗಾಲಯವೂ ಬೇಡ, ಕಣ್ಣು ಸಾಕು.

ಆ ನಕ್ಷೆ ಕೈಯಲ್ಲಿದ್ದರೆ ಇಲಾಖೆಗಳ ಸಭೆಯಲ್ಲಿ ಮಾತಿನ ರೀತಿಯೇ ಬದಲಾಗುತ್ತದೆ. "ಕೆರೆ ಉಳಿಸಿ" ಎಂಬ ಬೇಡಿಕೆಗೆ ಉತ್ತರವಾಗಿ ಭರವಸೆ ಸಿಗುತ್ತದೆ. "ಈ ರಸ್ತೆಯ ಈ ಮೋರಿಗೆ ಈ ಮ್ಯಾನ್‌ಹೋಲ್ ಉಕ್ಕಿ ಸೇರುತ್ತಿದೆ" ಎಂದರೆ ಒಬ್ಬ ಎಂಜಿನಿಯರ್ ಎದ್ದು ಹೋಗಿ ನೋಡಲೇಬೇಕಾಗುತ್ತದೆ.

ಕೆಲಸದ ಕ್ರಮವನ್ನು ಹೇಳುವುದಾದರೆ ನಾನು ನಾಲೆಯ ಉಳಿದ ತುಂಡುಗಳಿಂದ ಶುರುಮಾಡುತ್ತೇನೆ. ಪೂರ್ತಿ ನಾಲೆ ಮರಳಿ ಬರುವ ಕಾಲ ಮುಗಿದಿದೆ, ಅದರ ಮೇಲೆ ಮನೆಗಳಿವೆ, ಅಲ್ಲಿರುವವರಲ್ಲಿ ಎಷ್ಟೋ ಜನ ಸಾಲ ಮಾಡಿ ಸೈಟು ಕೊಂಡವರು. ಆದರೆ ಕೆರೆಗೆ ಹತ್ತಿರದ ಕೆಳಗಿನ ಭಾಗದ ಮಳೆಚರಂಡಿಗಳಲ್ಲಿ ಕೊಳಚೆ ನಿಲ್ಲಿಸಿ, ಬಾಯಲ್ಲಿ ಹೂಳಿನ ಹೊಂಡ ಮಾಡಿದರೆ ನೂರು ಹೆಕ್ಟೇರಿನಷ್ಟು ಊರಿನ ಮಳೆ ಸಾಕು ಎಂಬ ಲೆಕ್ಕ ಮೇಲೆಯೇ ಇದೆ. ಎರಡನೆಯದು, ತೂಬಿನ ಬಳಿ ಎಲ್ಲರ ಕಣ್ಣಿಗೆ ಬೀಳುವಂತೆ ನೀರಿನ ಮಟ್ಟದ ಅಳತೆಪಟ್ಟಿ, ಪ್ರತಿವಾರದ ಮಟ್ಟವನ್ನು ಬರೆಯುವ ಒಂದು ಬೋರ್ಡು. ದಿನವೂ ಕೆರೆ ಸುತ್ತುವ ನೂರಾರು ಜನರಿಗೆ ನೀರು ಎಷ್ಟು ಇಳಿಯಿತು ಎಂದು ಗೊತ್ತಾದರೆ ಅವರಷ್ಟು ಒಳ್ಳೆಯ ಕಾವಲುಗಾರರು ಬೇರೆ ಸಿಗುವುದಿಲ್ಲ. ಮೂರನೆಯದು ಬ್ಲಾಕುವಾರು ಮೀಟರ್.

ಮಳೆ ಏಪ್ರಿಲ್ ಕೊನೆಯಲ್ಲೇ ಒಂದೆರಡು ಸಲ ಬಂದು ಹೋಗುತ್ತದೆ. ಮೋರಿಗಳ ಒಣದಿನದ ಸಮೀಕ್ಷೆ ಜನವರಿ ಫೆಬ್ರವರಿಯಲ್ಲಿ ನಡೆಯಬೇಕು. ಆಗ ಹರಿಯುವ ನೀರು ಯಾವುದೆಂದು ಅನುಮಾನಕ್ಕೆ ಎಡೆಯಿರುವುದಿಲ್ಲ. ಹೂಳಿನ ಹೊಂಡ ಮಾರ್ಚ್ ಮುಗಿಯುವುದರೊಳಗೆ ಖಾಲಿಯಾಗಿರಬೇಕು. ಸೆಮಿಸ್ಟರ್ ವೇಳಾಪಟ್ಟಿಯಲ್ಲಿ ಈ ಎರಡು ತಾರೀಕುಗಳಿಗೂ ಜಾಗ ಮಾಡಬಹುದು.